ಭಾನುವಾರದ ವೈರಸ್

ಕಾಪುವಿನ ಹತ್ತಿರ ಒಬ್ಬರು ತೊಟ್ಟಿಯಲ್ಲಿ ಸಾಕಿದ್ದ ಕಡಲ ಮೀನಿನ ಮರಿಗಳು ಒಂದು ಬೆಳಿಗ್ಗೆ ನೀರಿನ ಮೇಲೆ ಗಿರಗಿರನೆ ಸುತ್ತು ಹೊಡೆದು ಸತ್ತವು. ಆ ಸಾವಿನಿಂದಲೇ ನನ್ನ ಆಯುಷ್ಯದ ಅತಿ ಖುಷಿಯ ದಿನಗಳು ಶುರುವಾದವು ಎಂದರೆ ಮೀನು ಸಾಕಿದವರು ಕೋಲು ಹಿಡಿದು ನನ್ನನ್ನು ಕಾರ್ಕಳದವರೆಗೂ ಅಟ್ಟಿಸಿಕೊಂಡು ಬಂದಾರು. ಬರಲಿ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂರಲು ಮೊದಲೇ ಬರುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನನಗೆ ಇಪ್ಪತ್ತನಾಲ್ಕು. ಕಾರ್ಕಳದ ಮನೆಯಿಂದ ದಿನಾ ಬಸ್ಸು ಹತ್ತಿ ಮಣಿಪಾಲದ ಗುಡ್ಡದ ಮೇಲಿನ ಒಂದು ಪುಟ್ಟ ಪ್ರಯೋಗಾಲಯಕ್ಕೆ ಪಿಎಚ್.ಡಿ. ಮಾಡಲು ಹೋಗುತ್ತಿದ್ದೆ. ಅಲ್ಲಿ ಉಳಿದವರೆಲ್ಲ ಮನುಷ್ಯರ ರೋಗಗಳ ಮೇಲೆ ಕೆಲಸ ಮಾಡುವವರು. ಮೀನಿನ ರೋಗ ಹಿಡಿದವಳು ನಾನೊಬ್ಬಳೇ. "ಎಂತ ಮಾರಾಯ್ತಿ, ಇವತ್ತು ನಿನ್ನ ಮೀನಿಗೆ ಜ್ವರ ಎಷ್ಟು?" ಎಂದು ಊಟದ ಹೊತ್ತಿಗೆ ಎಲ್ಲರೂ ಕಾಲೆಳೆಯುತ್ತಿದ್ದರು. ನಾನು ಬಿಡುವವಳಾ? "ನಿಮ್ಮ ರೋಗಿಗಳನ್ನು ಹುರಿದು ತಿನ್ನಲಿಕ್ಕೆ ಆಗ್ತದಾ? ನನ್ನದು ಆಗ್ತದೆ" ಎನ್ನುತ್ತಿದ್ದೆ.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಆ ಮರಿಗಳನ್ನು ಕೊಂದ ವೈರಸ್ ಮಹಾ ಬಡಪಾಯಿ. ಅದರ ಹತ್ತಿರ ಇರುವುದು ಆರ್‌ಎನ್‌ಎಯ ಎರಡು ಎಳೆ, ಮೇಲೊಂದು ಚಿಪ್ಪು, ಮುಗಿಯಿತು. ಆದರೆ ಮೀನಿನ ಕೋಶದೊಳಗೆ ನುಗ್ಗಿತೆಂದರೆ ಅಲ್ಲಿಯ ಸಾಮಾನನ್ನೇ ಬಳಸಿ ತನ್ನ ಎಳೆಗಳ ಪ್ರತಿಯ ಮೇಲೆ ಪ್ರತಿ ತೆಗೆಯುತ್ತದೆ. ಹಾಗೆ ತೆಗೆಯುವಾಗ ಮಾತ್ರ ಮೂರನೆಯದೊಂದು ಪುಟ್ಟ ಎಳೆ ಹುಟ್ಟುತ್ತದೆ. ಅದು ಕಂಡರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ಲೆಕ್ಕ.

ಅದನ್ನು ಹಿಡಿಯುವ ಉಪಾಯ ಹೀಗೆ. ಸಂಜೆ ಬಾಟ್ಲಿಯಲ್ಲಿ ಬೆಳೆಸಿದ ಮೀನಿನ ಕೋಶಗಳಿಗೆ ವೈರಸ್ ಬಿಟ್ಟು, ಇಪ್ಪತ್ತೈದು ಡಿಗ್ರಿಯ ಚಿಕ್ಕ ಪೆಟ್ಟಿಗೆಯಲ್ಲಿಟ್ಟು ನಾನು ಮನೆಗೆ ಹೋಗುತ್ತಿದ್ದೆ. ಮರುದಿನ ಒಂಬತ್ತೂವರೆಗೆ ಬಂದು, ಕೋಶ ತನ್ನ ಸ್ವಂತ ಆರ್‌ಎನ್‌ಎ ಕಟ್ಟುವುದನ್ನು ನಿಲ್ಲಿಸುವ ಒಂದು ಮದ್ದು ಹಾಕುತ್ತಿದ್ದೆ. ಆಮೇಲೆ ವಿಕಿರಣದ ಗುರುತು ಹಚ್ಚಿದ ಯುರಿಡಿನ್ ಕೊಡುತ್ತಿದ್ದೆ. ಯುರಿಡಿನ್ ಎಂದರೆ ಆರ್‌ಎನ್‌ಎ ಕಟ್ಟುವ ಇಟ್ಟಿಗೆ ಎಂದುಕೊಳ್ಳಿ. ಯಜಮಾನ ಕೈಕಟ್ಟಿ ಕೂತಿದ್ದಾನೆ, ಹಾಗಾಗಿ ಇಟ್ಟಿಗೆಗೆ ಕೈಹಾಕುವವನು ಕಳ್ಳ ಮಾತ್ರ. ಸಂಜೆ ಆ ಆರ್‌ಎನ್‌ಎಯನ್ನು ಬೇರ್ಪಡಿಸಿ, ಜೆಲ್ ಎಂಬ ಲೋಳೆಯ ಹಲಗೆಯಲ್ಲಿ ವಿದ್ಯುತ್ತಿನಿಂದ ಓಡಿಸಿ ಉದ್ದ ಗಿಡ್ಡ ಎಳೆಗಳನ್ನು ಬೇರೆ ಮಾಡಿ, ಎಕ್ಸ್-ರೇ ಫಿಲಂ ಒತ್ತಿ ಫ್ರೀಜರಿನಲ್ಲಿ ಕೆಲವು ದಿನ ಇಟ್ಟರೆ ಹೊಸ ಎಳೆಗಳು ಇರುವ ಕಡೆ ಕಪ್ಪು ಗೆರೆ ಬೀಳುತ್ತದೆ. ಎರಡು ದಪ್ಪ ಗೆರೆ, ಅವುಗಳ ಕೆಳಗೆ ಒಂದು ಸಪೂರ ಗೆರೆ.

ಕೋಶ ಬೆಳೆಸಿ ವೈರಸ್ ಬೇರ್ಪಡಿಸುವುದರಲ್ಲೇ ಒಂದು ವರ್ಷದ ಮೇಲೆ ಹೋಯಿತು. ಪ್ರಯೋಗ ಶುರುವಾದ ಮೊದಲ ತಿಂಗಳೇ ಮೂರೂ ಗೆರೆ ಬಂದವು! ಫಿಲಂ ತೊಳೆಯುವ ಕತ್ತಲೆ ಕೋಣೆಯಿಂದ ನೀರು ಸೋರುವ ಫಿಲಂ ಹಿಡಿದುಕೊಂಡು ಓಡಿಬಂದ ನಾನು, ನನ್ನ ಗೈಡ್ ಮೇಷ್ಟ್ರ ಬಿಳಿ ಅಂಗಿಯ ತುಂಬ ನೀರು ಸಿಡಿಸಿದೆ. ಅವರು ಬನ್ನಂಜೆಯಿಂದ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದು ಇಸ್ತ್ರಿ ಕೆಡದ ಹಾಗೆ ಮನೆಗೆ ಹೋಗುವ ಮನುಷ್ಯ. ಫಿಲಂ ಅನ್ನು ಬೆಳಕಿಗೆ ಹಿಡಿದು ನೋಡಿದರು. "ಉಂಟು" ಎಂದರು. ಅವರ ಬಾಯಲ್ಲಿ ಆ ಒಂದು ಶಬ್ದ ಬರುವುದು ಎಂದರೆ ಬೇರೆಯವರು ಪಟಾಕಿ ಹೊಡೆದ ಹಾಗೆ. ಆ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಮಣಿಪಾಲ ಬಿಟ್ಟಲ್ಲಿಂದ ಮೂರು ಗೆರೆಯ ಕತೆ ಹೇಳಿದೆ. ಪಾಪ, ಆಕೆ ತನ್ನ ಸ್ಟಾಪಿಗಿಂತ ಮೊದಲೇ ಇಳಿದುಹೋದರೋ ಏನೋ.

ಆಮೇಲೆ ಗೆರೆಗಳು ಮಾಯ. ಅದೇ ಕೋಶ, ಅದೇ ವೈರಸ್, ಅದೇ ಕೈ. ಫಿಲಂ ತೊಳೆದರೆ ಬೋಳು ಬೋಳು. ಕೆಲವೊಮ್ಮೆ ಇದೆಯೋ ಇಲ್ಲವೋ ಎಂಬಂಥ ಮಸುಕು. ನಡುವೆ ಒಮ್ಮೊಮ್ಮೆ ಮೂರೂ ಗೆರೆ ಎದ್ದು ನಿಲ್ಲುತ್ತಿದ್ದವು, ಮತ್ತೆ ಮಾಯ. ನಾಲ್ಕು ತಿಂಗಳು ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಶನಿವಾರ ಸಂಜೆ ಶುರು ಮಾಡಿ ಭಾನುವಾರ ಮುಗಿಸಿದ ಪ್ರಯೋಗದಲ್ಲಿ ಮಾತ್ರ ಮೂರೂ ಗೆರೆ ಗಟ್ಟಿಯಾಗಿ ಬರುತ್ತವೆ!

"ವಾರದ ರಜೆಯಲ್ಲಿ ಮಾತ್ರ ದುಡಿಯುವ ವೈರಸ್ ನಾನು ಇದೇ ಮೊದಲು ನೋಡುವುದು" ಎಂದರು ಮೇಷ್ಟ್ರು.

"ಹಾಗಾದರೆ ಎಲ್ಲ ಪ್ರಯೋಗ ಭಾನುವಾರವೇ ಮಾಡಿದರೆ ಆಯ್ತಲ್ಲ ಸರ್?"

"ಭಾನುವಾರ ಮಾತ್ರ ಫಲ ಕೊಡುವುದಕ್ಕೆ ವ್ರತ ಅಂತ ಹೇಳ್ತಾರೆ, ವಿಜ್ಞಾನ ಅಲ್ಲ. ಕಾರಣ ಹುಡುಕಿ."

ಹುಡುಕಿದೆ. ಅಯ್ಯಯ್ಯೋ, ಹೇಗೆ ಹುಡುಕಿದೆ! ಭಾನುವಾರ ನಾನು ಬೇರೆ ಏನು ಮಾಡುತ್ತೇನೆ? ಹಸಿರು ಚೂಡಿದಾರ ಹಾಕುತ್ತೇನೆ. ಬಸ್ಸು ಖಾಲಿ ಇರುವುದರಿಂದ ಕಿಟಕಿಯ ಪಕ್ಕ ಕೂರುತ್ತೇನೆ. ಮತ್ತೆ, ನಮ್ಮ ಮನೆಯಲ್ಲಿ ಭಾನುವಾರ ಕೋಳಿ, ಉಳಿದ ದಿನ ಮೀನು. ಅಲ್ಲಿ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಮನುಷ್ಯರ ಬೆರಳಿನ ಬೆವರಿನಲ್ಲಿ ಆರ್‌ಎನ್‌ಎಯನ್ನು ನುಂಗುವ ಕಿಣ್ವಗಳು ಇರುತ್ತವೆ ಎಂಬುದು ನಿಜವಾದ ಸಂಗತಿ. ಮೀನು ತಿಂದ ಕೈಯಲ್ಲಿ ಇನ್ನೂ ಜಾಸ್ತಿ ಇರಬಹುದಲ್ಲ? ಕೈಗವಸು ಹಾಕಿರುತ್ತೇನೆ ಎಂಬುದು ಆ ಉತ್ಸಾಹದಲ್ಲಿ ಮರೆತೇಹೋಯಿತು. ಮೂರು ವಾರ ಮೀನು ಮುಟ್ಟಲಿಲ್ಲ. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಒಲೆಯ ಮೇಲೆ ಕುದಿಯುತ್ತಿದ್ದರೆ ನಾನು ಮೂಗು ಮುಚ್ಚಿಕೊಂಡು ಮಜ್ಜಿಗೆ ಅನ್ನ ಉಣ್ಣುತ್ತಿದ್ದೆ. ಅಮ್ಮ ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ. "ನಿನ್ನ ಓದು ಸುಡಲಿ. ಮೀನು ಬಿಟ್ಟವಳಿಗೆ ಗಂಡು ಎಲ್ಲಿಂದ ಹುಡುಕುವುದು? ಮಠಕ್ಕೆ ಕೊಡುವುದಾ?" ಎಂಬುದು ಅದರ ಸಾರಾಂಶ.

ಮೂರು ವಾರದ ಉಪವಾಸ ಮುಗಿಸಿ ಫಿಲಂ ತೊಳೆದರೆ, ಬೋಳು. ಹಸಿರು ಚೂಡಿದಾರವನ್ನು ವಾರವಿಡೀ ತೊಟ್ಟು ಫಿಲಂ ತೊಳೆದರೂ ಬೋಳು. ಕಿಟಕಿಯ ಪಕ್ಕದ ಸೀಟಿಗಾಗಿ ಒಬ್ಬ ಮುದುಕನೊಡನೆ ಜಗಳ ಆಡಿ ಗೆದ್ದರೂ ಬೋಳೇ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ನಾನು ಕಾಗೆಗಳ ಪಟ್ಟಿಯನ್ನೇ ಮಾಡಿಕೊಂಡಿದ್ದೆ. ನಗು ಬರುತ್ತಿತ್ತು, ಅದರ ಬೆನ್ನಿಗೇ ಹೆದರಿಕೆಯೂ ಬರುತ್ತಿತ್ತು.

ಹೆದರಿಕೆಗೆ ಕಾರಣ ಇತ್ತು. ವರ್ಷಕ್ಕೊಮ್ಮೆ ನಮ್ಮ ಪಿಎಚ್.ಡಿ. ಕೆಲಸ ನೋಡಲು ಹೊರಗಿನ ಪರೀಕ್ಷಕರೊಬ್ಬರನ್ನು ಸೇರಿಸಿ ಸಮಿತಿ ಕೂರುತ್ತಿತ್ತು. ಈ ಸಲ ಅವರಿಗೆ ನಂಬಿಕೆ ಬಾರದಿದ್ದರೆ ನನ್ನ ವಿಷಯವನ್ನು ಕೈಬಿಟ್ಟು, ಇನ್ನೊಂದು ವಿಷಯದಲ್ಲಿ ಅ ಆ ಇ ಈಯಿಂದ ಶುರು ಮಾಡಬೇಕು ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಗುರುತು ಹಚ್ಚಿದ ಯುರಿಡಿನ್ ಬಾಟ್ಲಿಯ ತಳ ಕಂಡಿತ್ತು, ಹೊಸದು ಬರುವಷ್ಟರಲ್ಲಿ ಸಮಿತಿ ಮುಗಿದಿರುತ್ತದೆ. ಎರಡು ವರ್ಷದ ಕೆಲಸ. ನನ್ನ ಗೆರೆಗಳು. ಅವುಗಳ ಮೇಲೆ ನನಗೆ ಎಂಥ ಹುಚ್ಚು ಪ್ರೀತಿ ಇತ್ತು ಎಂದರೆ, ಅವನ್ನು ಬಿಟ್ಟು ಬೇರೆ ಕೆಲಸ ಹಿಡಿಯುವುದನ್ನು ಯೋಚಿಸಲಿಕ್ಕೂ ಮನಸ್ಸು ಒಪ್ಪುತ್ತಿರಲಿಲ್ಲ.

ಸಮಿತಿಗೆ ಇನ್ನು ಒಂಬತ್ತು ದಿನ ಇರುವಾಗ ನೆಂಟರೊಬ್ಬರು ಕಾರಿನಲ್ಲಿ ಉಡುಪಿಗೆ ಹೊರಟಿದ್ದರು. ನಾನೂ ಹತ್ತಿಕೊಂಡೆ. ಎಂಟು ಗಂಟೆಗೇ ಪ್ರಯೋಗಾಲಯದ ಬಾಗಿಲಲ್ಲಿದ್ದೆ. ಒಂಬತ್ತೂವರೆಯ ಮೊದಲು ಅಲ್ಲಿ ನರಪಿಳ್ಳೆ ಇರುವುದಿಲ್ಲ, ಬಾಗಿಲು ತೆಗೆದು ಗುಡಿಸಿ ಒರೆಸುವ ನಮ್ಮ ಅಟೆಂಡರ್ ಅಣ್ಣನನ್ನು ಬಿಟ್ಟರೆ. ಕಲ್ಯಾಣಪುರದಿಂದ ಬರುವ, ಐವತ್ತು ದಾಟಿದ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಮನುಷ್ಯ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು.

ಅಣ್ಣ ನನ್ನ ನಾಲ್ಕು ಬಾಟ್ಲಿಗಳನ್ನು ಒಂದು ಟ್ರೇಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ಹೆಜ್ಜೆ ಇಡುತ್ತ ದೊಡ್ಡ ಪೆಟ್ಟಿಗೆಯ ಕಡೆಗೆ ಹೋಗುತ್ತಿದ್ದರು. ದೊಡ್ಡ ಪೆಟ್ಟಿಗೆ ಎಂದರೆ ಮನುಷ್ಯರ ಕೋಶಗಳದ್ದು. ಅದರ ಶಾಖ ಮೂವತ್ತೇಳು ಡಿಗ್ರಿ, ನಮ್ಮ ನಿಮ್ಮ ಮೈಯಷ್ಟು. ನಾನು ನೋಡುತ್ತಿದ್ದ ಹಾಗೆಯೇ ಬಾಗಿಲು ತೆಗೆದು, ನನ್ನ ಮೀನಿನ ಕೋಶಗಳನ್ನು ಒಳಗಿಟ್ಟು, ಮೆಲ್ಲಗೆ ಬಾಗಿಲು ಮುಚ್ಚಿದರು.

"ಅಣ್ಣಾ! ಎಂತ ಮಾಡ್ತಾ ಇದ್ದೀರಿ?"

ಅವರು ಬೆಚ್ಚಿಬಿದ್ದರು. "ಸ್ವಲ್ಪ ಹೊತ್ತು ಮೇಡಂ. ನೀವು ಬರುವ ಮೊದಲು ವಾಪಸ್ ಇಡ್ತೇನೆ."

"ದಿನಾ ಇಡ್ತೀರಾ?"

"ಭಾನುವಾರ ನನಗೆ ರಜೆ ಅಲ್ವಾ" ಎಂದರು.

ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಕಾರ್ಕಳದ ಗೊಮ್ಮಟನಿಗೂ ಕೇಳುವ ಹಾಗೆ ಕಿರುಚಿದೆ. "ನನ್ನ ಎರಡು ವರ್ಷ ಹಾಳು ಮಾಡಿದಿರಿ! ನನ್ನ ಜೀವನಕ್ಕೆ ಮಣ್ಣು ಹಾಕಿದಿರಿ! ಯಾರು ಹೇಳಿದರು ನಿಮಗೆ ನನ್ನ ಸಾಮಾನು ಮುಟ್ಟಲಿಕ್ಕೆ?" ಅವರ ಮುಖದಲ್ಲಿ ರಕ್ತ ಇರಲಿಲ್ಲ. ಪೊರಕೆಯನ್ನು ಮೂಲೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಮೇಷ್ಟ್ರು ಬಂದಾಗ ನಾನು ನೆಲದ ಮೇಲೆ ಕೂತು ಅಳುತ್ತ, ನಗುತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಹೇಗೂ ಕಾರಣ ಸಿಕ್ಕಿತಲ್ಲ! ಬಿಸಿಯಾದರೆ ಈ ವೈರಸ್ ಪ್ರತಿ ತೆಗೆಯುವುದನ್ನು ನಿಲ್ಲಿಸುತ್ತದೆ. ಭಾನುವಾರದ ಗುಟ್ಟು ಇಷ್ಟೇ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಎಷ್ಟು ಹೊತ್ತು ಬಿಸಿಯಲ್ಲಿದ್ದವು?"

"ಯಾರಿಗೆ ಗೊತ್ತು ಸರ್! ಒಂದೊಂದು ದಿನ ಒಂದೊಂದು ಹೊತ್ತು."

"ದೊಡ್ಡ ಪೆಟ್ಟಿಗೆಗೆ ಒಂದು ರಿಜಿಸ್ಟರ್ ಉಂಟಲ್ಲ. ಒಳಗೆ ಏನೇ ಹೋದರೂ ಬರೆಯಬೇಕು ಅಂತ ನಿಯಮ."

ನಿಯಮವೇನೋ ಇತ್ತು. ಪಕ್ಕದ ತಂಡದವರು ಮಾಡಿದ ನಿಯಮ, ಅದನ್ನು ಅವರೇ ಪಾಲಿಸುತ್ತಿರಲಿಲ್ಲ. ಆ ರಿಜಿಸ್ಟರ್ ದಾರದಲ್ಲಿ ನೇತಾಡುತ್ತಿತ್ತು. ತೆಗೆದು ನೋಡಿದೆ. ಪುಟದ ಮೇಲೆ ಪುಟ, ನೀಲಿ ಶಾಯಿಯಲ್ಲಿ, ಶಾಲೆಯ ಕಾಪಿ ಪುಸ್ತಕದ ಹಾಗೆ ಉರುಟು ಅಕ್ಷರ: "ಮೀನು, ನಾಲ್ಕು ಬಾಟ್ಲಿ. ಒಳಗೆ 7.40. ಹೊರಗೆ 9.20." ಮುಂದಿನ ಸಾಲು: "ಮೀನು, ನಾಲ್ಕು ಬಾಟ್ಲಿ. ಒಳಗೆ 8.20. ಹೊರಗೆ 9.20." ಏಳು ತಿಂಗಳು. ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ಕೆಳಗೆ ವಾರಕ್ಕೊಮ್ಮೆ ಪಕ್ಕದ ತಂಡದ ಮುಖ್ಯಸ್ಥರು ಕಣ್ಣು ಮುಚ್ಚಿ ಹಾಕಿದ ಸಹಿ.

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಕಸವೆಂದು ಮೂಲೆಗೆ ತಳ್ಳಿದ್ದ ಫಿಲಂಗಳನ್ನೆಲ್ಲ ಎಳೆದು ತಂದೆ. ನನ್ನ ನೋಟ್‌ಬುಕ್ಕಿನ ತಾರೀಕು ಒಂದು ಕಡೆ, ಅಣ್ಣನ ರಿಜಿಸ್ಟರ್ ಇನ್ನೊಂದು ಕಡೆ. ಯಾವ ದಿನ ಎಷ್ಟು ನಿಮಿಷ ಬಿಸಿ ಎಂದು ಕೂಡಿ ಕಳೆದು, ಫಿಲಂಗಳನ್ನು ಆ ಕ್ರಮದಲ್ಲಿ ಉದ್ದಕ್ಕೆ ನೆಲದ ಮೇಲೆ ಹಾಸಿದೆ. ಮೇಷ್ಟ್ರು ಇಸ್ತ್ರಿಯ ಪ್ಯಾಂಟಿನಲ್ಲೇ ಮಂಡಿಯೂರಿದರು. ಭಾನುವಾರದ್ದು ಮೂರೂ ಗೆರೆ ಗಟ್ಟಿ. ಕಾಲು ಗಂಟೆ ಬಿಸಿಯಾದ ದಿನ ಮೂರೂ ಗೆರೆ ಉಂಟು, ಸಪೂರದ್ದು ಸ್ವಲ್ಪ ಮಂಕು. ಅರ್ಧ ಗಂಟೆಗೆ ಸಪೂರ ಗೆರೆ ಕಣ್ಣು ಕಿರಿದು ಮಾಡಿದರೆ ಮಾತ್ರ. ಒಂದು ಗಂಟೆಗೆ ಅದು ಇಲ್ಲವೇ ಇಲ್ಲ, ದಪ್ಪದವೂ ಮಸುಕು. ಒಂದೂವರೆ ದಾಟಿದರೆ ಬೋಳು. ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗುತ್ತಿತ್ತು! ಸಾವಿರ ಯೋಚನೆ ಮಾಡಿ ಕೂತಿದ್ದರೂ ನಾನು ಇಷ್ಟು ಚಂದದ ಪ್ರಯೋಗ ಹೂಡುತ್ತಿರಲಿಲ್ಲ. "ಉಂಟು ಸರ್, ಉಂಟು, ಉಂಟು!" ಎಂದು ಕೂಗುತ್ತ ನಾನು ಫಿಲಂಗಳ ಸುತ್ತ ಕುಣಿದೆ. ಆ ಕುಣಿತದ ನಡುವೆ ಅಣ್ಣನ ಮುಖ ಒಂದೆರಡು ಸಲ ನೆನಪಾಯಿತು. ಆಮೇಲೆ ಮಾತಾಡಿದರಾಯಿತು ಎಂದುಕೊಂಡೆ. ನಾಲ್ಕನೆಯ ದಿನ ಅವರು ಕೆಲಸಕ್ಕೆ ಬಂದರು, ನನ್ನನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗುತ್ತಿದ್ದರು. ನಾನೂ ಚಾರ್ಟು ಬರೆಯುವ ಭರದಲ್ಲಿ ಹುಡುಕಿಕೊಂಡು ಹೋಗಲಿಲ್ಲ.

ಸಮಿತಿಯ ದಿನ ಬಂತು. ಪರೀಕ್ಷಕರು ಬೇರೆ ಊರಿನ ಹಿರಿಯರು, ನಗುವ ಅಭ್ಯಾಸ ಇದ್ದ ಹಾಗೆ ಕಾಣಲಿಲ್ಲ. ಫಿಲಂಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಒಳ್ಳೆಯ ಪ್ರಯೋಗ. ಇದನ್ನು ನೀವೇ ಯೋಚಿಸಿ ಮಾಡಿದ್ದಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂತು. ಆದರೆ ನನಗೆ ಸುಳ್ಳು ಕೈಗೂಡುವುದಿಲ್ಲ, ಅರ್ಧದಲ್ಲಿ ನಗು ಬಂದುಬಿಡುತ್ತದೆ. "ಇಲ್ಲ ಸರ್. ಇದು ತಪ್ಪಿನಿಂದ ಆದದ್ದು" ಎಂದು ಇಡೀ ಕತೆ ಹೇಳಿದೆ. ಅವರ ಹುಬ್ಬು ಮೇಲೇರಿತು.

"ಅಂದರೆ ಈ ಸಮಯಗಳನ್ನೆಲ್ಲ ಬರೆದದ್ದು ಅಟೆಂಡರ್. ಅದು ಸರಿ ಅಂತ ನಾನು ಹೇಗೆ ನಂಬುವುದು? ಅವರನ್ನು ಕರೆಯಿರಿ."

ಎರಡು ವರ್ಷದ ಕೆಲಸ ಈಗ ನಾನು ಬೈದು ಓಡಿಸಿದ ಮನುಷ್ಯನ ಮಾತಿನ ಮೇಲೆ ನಿಂತಿತ್ತು. ಅಣ್ಣ ಬಂದರು. ಕೈ ಒರೆಸುವ ಬಟ್ಟೆ ಇನ್ನೂ ಹೆಗಲ ಮೇಲಿತ್ತು. ಕೆಲಸದಿಂದ ತೆಗೆಯಲು ಕರೆದದ್ದು ಎಂದೇ ಅವರು ತಿಳಿದಿದ್ದರು. ಬಟ್ಟೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬಳಿಯೇ ನಿಂತರು.

ಪರೀಕ್ಷಕರು ರಿಜಿಸ್ಟರಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿ ಒಳಗೆ 8.55 ಅಂತ ಉಂಟು. ನೀವು ಎಷ್ಟು ಗಂಟೆಗೆ ಬರಬೇಕಾದದ್ದು?"

"ಏಳೂವರೆಗೆ ಸರ್. ಆ ದಿನ ಬಸ್ಸು ಕೆಟ್ಟಿತ್ತು."

"ಈ ಪುಸ್ತಕಕ್ಕೆ ಮೇಲಿನವರು ಸಹಿ ಹಾಕ್ತಾರೆ. ತಡವಾಗಿ ಬಂದದ್ದು ಅವರಿಗೆ ಗೊತ್ತಾಗ್ತಿತ್ತು. ಏಳೂ ನಲವತ್ತು ಅಂತ ಬರೆಯಬಹುದಿತ್ತಲ್ಲ?"

ಅಣ್ಣನಿಗೆ ಪ್ರಶ್ನೆಯೇ ಅರ್ಥವಾಗದ ಹಾಗೆ ಕಂಡಿತು. "ಹಾಗೆ ಬರೆದರೆ ಬಾಟ್ಲಿ ಎಷ್ಟು ಹೊತ್ತು ಒಳಗಿತ್ತು ಅಂತ ತಪ್ಪಾಗ್ತದಲ್ಲ ಸರ್."

ಪರೀಕ್ಷಕರು ರಿಜಿಸ್ಟರ್ ಮುಚ್ಚಿದರು. ಅವರ ಸ್ವರ ಮೆತ್ತಗಾಗಿತ್ತು. "ಅಲ್ಲ, ಬಾಟ್ಲಿಗಳನ್ನು ಬಿಸಿಗೆ ಇಟ್ಟದ್ದಾದರೂ ಯಾಕೆ?"

ಅಣ್ಣ ನನ್ನ ಕಡೆ ನೋಡಲಿಲ್ಲ. "ಇವರು ಒಂದು ದಿನ ಹೊರಗೆ ಮೆಟ್ಟಿಲ ಮೇಲೆ ಕೂತು ತುಂಬಾ ಅಳ್ತಾ ಇದ್ರು ಸರ್. ಒಳಗೆ ಬಂದು ಇವರ ಪೆಟ್ಟಿಗೆಗೆ ಕೈ ಹಾಕಿ ನೋಡಿದೆ, ತಣ್ಣಗಿತ್ತು. ಉಳಿದವರದ್ದೆಲ್ಲ ಬೆಚ್ಚಗೆ ಉಂಟು, ಪಾಪ, ಇವರದ್ದು ಮಾತ್ರ ಹಾಳಾಗಿದೆ, ಅದಕ್ಕೇ ಅಳುವುದು ಅಂತ ಎಣಿಸಿದೆ. ಅದರ ನಂತರ ದಿನಾ ಇವರು ಬರುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿ ಇಡ್ತಿದ್ದೆ."

ನನಗೆ ಆ ದಿನ ನೆನಪಾಯಿತು. ಮಸ್ಕತ್‌ನಿಂದ ಸೋದರಮಾವ ತಂದುಕೊಟ್ಟಿದ್ದ ಹೊಸ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟುಬಂದಿದ್ದೆ. ಆ ಕೊಡೆಗಾಗಿ ಅತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮರೆತೂ ಬಿಟ್ಟಿದ್ದೆ.

ಪರೀಕ್ಷಕರು ಕಾಗದದ ಮೇಲೆ "ಇದೇ ವಿಷಯದಲ್ಲಿ ಮುಂದುವರಿಯಲಿ" ಎಂದು ಬರೆದು ಸಹಿ ಮಾಡಿದರು. ಮೇಷ್ಟ್ರು ಎಲ್ಲರೆದುರೇ ನನ್ನ ಬೆನ್ನು ತಟ್ಟಿದರು. ಎರಡು ವರ್ಷ ಕಾದ ಖುಷಿ ಅದು, ತಲೆ ತಿರುಗುವಷ್ಟು ಖುಷಿ. ಆದರೂ ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಓಡಿದೆ. ಅಣ್ಣ ಕಾರಿಡಾರಿನ ತುದಿಯಲ್ಲಿ ಬಕೀಟಿಗೆ ನೀರು ತುಂಬುತ್ತಿದ್ದರು.

"ಅಣ್ಣ, ನನ್ನದು ದೊಡ್ಡ ತಪ್ಪಾಯಿತು. ನಾನು ಹಾಗೆ ಬೈಯಬಾರದಿತ್ತು" ಎಂದೆ.

ಅವರು ನಲ್ಲಿ ನಿಲ್ಲಿಸಿದರು. "ಕೆಲಸ ಹೋಗುವುದಿಲ್ಲ ಅಲ್ವಾ ಮೇಡಂ?"

"ಯಾರದ್ದೂ ಹೋಗುವುದಿಲ್ಲ. ನಿಮ್ಮಿಂದಲೇ ನನ್ನದೂ ಉಳಿಯಿತು."

ಅವರಿಗೆ ಸಮಾಧಾನವಾಯಿತು. ಬಕೀಟು ಪಕ್ಕಕ್ಕೆ ಸರಿಸಿ ಕೇಳಿದರು. "ಹಾಗಾದ್ರೆ ಅವಕ್ಕೆ ತಣ್ಣಗೇ ಇರಬೇಕಿತ್ತಾ?"

"ಹೌದು ಅಣ್ಣ. ಮೀನಿನ ಮೈ ನಮ್ಮ ಹಾಗೆ ಬೆಚ್ಚಗೆ ಇರುವುದಿಲ್ಲ."

"ಅದು ನನಗೆ ಗೊತ್ತುಂಟು ಮೇಡಂ, ಚಿಕ್ಕಂದಿನಿಂದ ಹೊಳೆಯಲ್ಲಿ ಮೀನು ಹಿಡಿದವ ನಾನು" ಎಂದರು ಅಣ್ಣ. "ಬಾಟ್ಲಿ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಮೀನಿನದ್ದು ಅಂತ ಕೇಳಿ ಗೊತ್ತಿತ್ತು, ಒಳಗೆ ಜೀವ ಇರುವ ಮೀನಿನ ತುಂಡು ಉಂಟು ಅಂತ ಯಾರೂ ಹೇಳಲಿಲ್ಲ. ಮದ್ದು ಅಂತ ಎಣಿಸಿದ್ದೆ."

ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೆಲ್ಲ ನನ್ನ ಮೂರು ಗೆರೆಯ ಕತೆ ಹೇಳಿದವಳು ನಾನು. ಎರಡು ವರ್ಷ ದಿನಾ ನನ್ನ ಮೇಜು ಒರೆಸಿದ ಮನುಷ್ಯನಿಗೆ ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಒಂದು ಸ್ಟೂಲು ಎಳೆದು ಅವರನ್ನು ಕೂರಿಸಿದೆ. ನಾನು ಬಕೀಟಿನ ಪಕ್ಕ ನೆಲದ ಮೇಲೆ ಕೂತು, ಕಾಪುವಿನ ತೊಟ್ಟಿಯಲ್ಲಿ ಸತ್ತ ಮರಿಗಳಿಂದ ಹೇಳಲು ಶುರು ಮಾಡಿದೆ.